ಬಾಡಿಗೆ ಮನೆಯ ಲೆಕ್ಕ



ಬಾಡಿಗೆಯ ಆದಾಯ ಎಂದರೆ ಕೂತು ಉಣ್ಣುವ ಆದಾಯ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಇದು ಎಷ್ಟರ ಮಟ್ಟಿಗೆ ನಿಜ? ನಿಪ್ಪಾಣಿಯನ್ನೇ ಉದಾಹರಣೆಯಾಗಿ ನೋಡೋಣ.

ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. ತಂಬಾಕು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ವಸ್ತು. ಆದ್ದರಿಂದ ಮಳೆಗಾಲದಲ್ಲಿಯೂ ಒಣಗಿರುವ ವಖಾರಿಗೆ ಬೆಲೆ ಹೆಚ್ಚು. ಆದರೆ ತಂಬಾಕಿನ ಧಾರಣೆ ಕುಸಿದರೆ ಆ ಪೆಟ್ಟು ವಖಾರಿಯ ಬಾಡಿಗೆಗೂ ತಟ್ಟುತ್ತದೆ. 1981ರಲ್ಲಿ ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಯೋಗ್ಯ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಒಂದೇ ಬೆಳೆಯನ್ನು ನೆಚ್ಚಿದ ಊರಿನಲ್ಲಿ ಹಣ ತೊಡಗಿಸುವವರು ಈ ಚರಿತ್ರೆಯನ್ನು ಮರೆಯಬಾರದು.

ಇನ್ನು ವಾಸದ ಮನೆ. ನಿವೇಶನವೂ ಸೇರಿ 30 ಲಕ್ಷ ರೂಪಾಯಿ ತಗಲಿತೆಂದೂ ತಿಂಗಳ ಬಾಡಿಗೆ 8,000 ಎಂದೂ ಭಾವಿಸಿ. ವರ್ಷಕ್ಕೆ 96,000. ಶೇಕಡಾ 3.2 ಆಯಿತು. ಒಂದು ತಿಂಗಳು ಮನೆ ಖಾಲಿ ಬಿದ್ದರೆ 88,000. ಮನೆ ಕರ, ಸುಣ್ಣ-ಬಣ್ಣ, ಪಂಪಿನ ರಿಪೇರಿ ಎಂದು 16,000 ಕಳೆಯಿರಿ. ಉಳಿಯುವುದು 72,000, ಅಂದರೆ ಶೇಕಡಾ 2.4. ಇದೇ ಮನೆಗೆ ಶೇಕಡಾ 8.5ರ ಬಡ್ಡಿಯಲ್ಲಿ 20 ಲಕ್ಷ ಸಾಲ ತೆಗೆದಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 1,70,000! ಹಾಗಾದರೆ ಜನ ಏಕೆ ಕಟ್ಟಿಸುತ್ತಾರೆ? ಜಾಗದ ಬೆಲೆ ಏರುತ್ತದೆಂಬ ನಂಬಿಕೆಯಿಂದ. ಏರುವುದು ಜಾಗದ ಬೆಲೆ; ಕಟ್ಟಡಕ್ಕೆ ವಯಸ್ಸಾಗುತ್ತ ಹೋಗುತ್ತದೆ. ಆದಾಯ ತೆರಿಗೆಯ ಕಾನೂನೂ ಇದನ್ನು ಬಲ್ಲದು. ಸಂದ ಮನೆ ಕರವನ್ನು ಕಳೆದ ಮೇಲೆ ಉಳಿಯುವ ಬಾಡಿಗೆಯಲ್ಲಿ ಶೇಕಡಾ 30ರಷ್ಟನ್ನು, ಖರ್ಚು ಎಷ್ಟೇ ಇರಲಿ, ಬಿಟ್ಟುಕೊಡುತ್ತದೆ.

ನಮ್ಮ ತಂದೆಯವರು ನಿವೃತ್ತರಾದಾಗ ಬಂದ ಹಣವನ್ನೆಲ್ಲ ಮನೆಯ ಮೇಲೆ ಮಾಳಿಗೆ ಕಟ್ಟಿಸಲು ಹಾಕಿದರು. "ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂಬುದು ಅವರ ವಾದ. ಗೋಡೆ ಓಡಲಿಲ್ಲ, ನಿಜ. ಆದರೆ ತಾಯಿಯವರ ಶಸ್ತ್ರಚಿಕಿತ್ಸೆಗೆ ಒಂದು ವಾರದಲ್ಲಿ ಹಣ ಬೇಕಾದಾಗ ಅದೇ ಗೋಡೆ ಜಪ್ಪಯ್ಯ ಎನ್ನಲಿಲ್ಲ. ಅಡುಗೆಮನೆಯೊಂದನ್ನೇ ಕಿತ್ತು ಮಾರಲು ಬರುತ್ತದೆಯೇ? ಬ್ಯಾಂಕಿನ ಠೇವಣಿಯಾಗಿದ್ದರೆ ಬೇಕಾದಷ್ಟನ್ನು ಮುರಿಸಬಹುದಿತ್ತು. ಕೊನೆಗೆ ಬಂಧುಗಳಲ್ಲಿ ಕೈಗಡ ತಂದೆವು. ಬಿ.ಎಸ್ಸಿ. ಓದಿದ ನನಗೆ 'ದ್ರವ' ಎಂಬ ಪದದ ಹಣಕಾಸಿನ ಅರ್ಥ ತಿಳಿದದ್ದು ಆ ವಾರದಲ್ಲಿ.

ಕೋಣೆ ಹಿಡಿದು ಓದುವ ನಿಮಗೂ ಒಂದು ಮಾತು. ನಮ್ಮ ಕಡೆ 11 ತಿಂಗಳ ಕರಾರು ಏಕೆ ರೂಢಿ? 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಈ ಉಪಾಯ. ಆದರೆ ನಿಪ್ಪಾಣಿಯ ಹುಡುಗರು ಓದಲು ಹೋಗುವ ದೇವಚಂದ ಕಾಲೇಜು ಇರುವ ಅರ್ಜುನನಗರ ಗಡಿಯಾಚೆ, ಕೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ನಡೆಯುತ್ತದೆ. ಅವಧಿ ಎಷ್ಟೇ ಇರಲಿ, ಕರಾರನ್ನು ಬರೆದು ನೋಂದಾಯಿಸುವುದು ಮಾಲೀಕನ ಹೊಣೆ. ಮಾಡಿಸದಿದ್ದರೆ, ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನ ಮಾತೇ ಮೊದಲು ನಿಲ್ಲುತ್ತದೆ. ಅದು ಸುಳ್ಳೆಂದು ಸಾಧಿಸಬೇಕಾದವನು ಮಾಲೀಕ.

ಮುಂಗಡ ಕೊಟ್ಟಾಗ ರಸೀದಿ ಕೇಳಲು ಸಂಕೋಚಪಡಬೇಡಿ. ನಮ್ಮ ತಂದೆಯವರು ಮಾತ್ರ ಕೇಳದೆಯೇ ಬರೆದುಕೊಡುತ್ತಾರೆ, ಮಾಳಿಗೆಯ ನಲ್ಲಿ ಸೋರುತ್ತದೆ ಎಂಬುದನ್ನೂ ಸೇರಿಸಿ.