ಕೊನೆಯ ಪುಟ ಮೊದಲು

ಕಳೆದ ದಸರೆಯ ರಜೆಗೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಅವಳ ಕೈಚೀಲದಲ್ಲಿ 800 ಪುಟ ಮೀರಿದ ಒಂದು ಇಂಗ್ಲಿಷ್ ಕಾದಂಬರಿಯಿತ್ತು. ಹೊದಿಕೆಯ ಮೇಲೆ, ಗೋಪುರವೊಂದನ್ನು ಸುತ್ತಿಕೊಂಡ ಡ್ರ್ಯಾಗನ್. ಮಧ್ಯಾಹ್ನ ಊಟವಾದ ಮೇಲೆ ಅವಳು ಮಂಚದ ಮೇಲೆ ಒರಗಿಕೊಂಡು ಪುಸ್ತಕ ತೆರೆದಳು. ಮೊದಲ ಪುಟವನ್ನಲ್ಲ, ಕೊನೆಯ ಪುಟವನ್ನು. ನಾನು 30 ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು; ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗುವ ಕೆಲಸವೆ?

“ಇದೇನಮ್ಮಾ, ಪಲ್ಯ ಹುಳಿ ಎಲ್ಲ ಬಿಟ್ಟು ಮೊದಲೇ ಮಜ್ಜಿಗೆ ಅನ್ನಕ್ಕೆ ಕೈಹಾಕಿದೆ?” ಎಂದೆ.

“ಇಬ್ಬರೂ ಉಳಿಯುತ್ತಾರಾ ಅಂತ ನೋಡಿಕೊಂಡೆ, ದೊಡ್ಡಮ್ಮ. ಉಳಿಯುತ್ತಾರೆ. ಇನ್ನು ನೆಮ್ಮದಿಯಾಗಿ ಓದಬಹುದು.”

“ಯಾವ ಇಬ್ಬರು?”

“ರಾಣಿ. ಮತ್ತೆ ರಾಣಿಯನ್ನು ಪ್ರೀತಿಸುವ ಹುಡುಗಿ.”

ಹೀಗೆಂದು ಅವಳು ಓದಲು ತೊಡಗಿದಳು. ನಾನು ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಆ ಒಂದು ಪ್ರಶ್ನೆಯ ಬೆನ್ನುಹತ್ತಿ ಮುಂದಿನ ಕೆಲವು ತಿಂಗಳಲ್ಲಿ ನಾನು ಓದಿದ್ದರ ವಿಚಾರವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಈ ಬಗೆಯ ಪುಸ್ತಕಗಳಿಗೆ ಇಂಗ್ಲಿಷಿನಲ್ಲಿ ಎರಡು ಹೆಸರುಗಳು ನಡೆಯುತ್ತವೆ. ಒಂದು ಕ್ವೀರ್. ವಿಚಿತ್ರ, ಸೊಟ್ಟ ಎಂಬ ಅರ್ಥದ ಈ ಮಾತು ಹಿಂದೆ ಬೈಗುಳಾಗಿತ್ತು. ಬೈಸಿಕೊಂಡವರೇ ಅದನ್ನು ಎತ್ತಿಕೊಂಡು ತಮ್ಮ ಹೆಸರಾಗಿ ಮಾಡಿಕೊಂಡರು. ಇನ್ನೊಂದು ಸ್ಯಾಫಿಕ್. ಕ್ರಿಸ್ತಪೂರ್ವ 600ರ ಸುಮಾರಿನಲ್ಲಿ ಗ್ರೀಸಿನ ಲೆಸ್ಬಾಸ್ ದ್ವೀಪದಲ್ಲಿದ್ದ ಕವಯಿತ್ರಿ ಸ್ಯಾಫೊಳಿಂದ ಬಂದ ಮಾತು ಇದು. ಹೆಣ್ಣನ್ನು ಕುರಿತು ಹೆಣ್ಣಿಗಿರುವ ಪ್ರೇಮ ಎಂದು ಅದರ ಅರ್ಥ. ಸ್ಯಾಫೊಳ ಕವಿತೆಗಳಲ್ಲಿ ನಮಗೆ ಉಳಿದಿರುವುದು ಬಹುಮಟ್ಟಿಗೆ ಚೂರುಗಳೇ. ಇಂಥ ಪ್ರೇಮವನ್ನು ಅದ್ಭುತ ಲೋಕಗಳಲ್ಲಿಯೂ ಬೇರೆ ಗ್ರಹಗಳಲ್ಲಿಯೂ ಇಟ್ಟು ಬರೆದ ಕಾದಂಬರಿಗಳು ಇಂದು ಅಂಗಡಿಯಲ್ಲಿ ಒಂದು ಕಪಾಟು ತುಂಬುವಷ್ಟಿವೆ.

ಇಬ್ಬರೂ ಉಳಿಯುತ್ತಾರೆಯೆ ಎಂದು ಓದುವವರು ಮೊದಲೇ ನೋಡಿಕೊಳ್ಳುವುದೇಕೆ? ಏಕೆಂದರೆ ಬಹುಕಾಲ ಅವರು ಉಳಿಯುತ್ತಿರಲಿಲ್ಲ. 1872ರಲ್ಲಿ ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ ಎಂಬ ಕತೆ ಇದೆ. ‘ಡ್ರಾಕುಲಾ’ ಬರುವುದಕ್ಕೆ 25 ವರ್ಷ ಮುಂಚಿನ ರಕ್ತಪಿಶಾಚಿಯ ಕತೆ. ಒಂಟಿ ಕೋಟೆಮನೆಯಲ್ಲಿ ಬೆಳೆದ ಲಾರಾಳ ಬಳಿಗೆ ಕಾರ್ಮಿಲ್ಲಾ ಅತಿಥಿಯಾಗಿ ಬರುತ್ತಾಳೆ. ಅವಳನ್ನು ಪ್ರೀತಿಸುತ್ತಾಳೆ, ಅವಳ ರಕ್ತವನ್ನೂ ಕುಡಿಯುತ್ತಾಳೆ. ಕೊನೆಗೆ ಹಿರಿಯರೆಲ್ಲ ಸೇರಿ ಗೋರಿಯನ್ನು ಅಗೆದು, ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಟ್ಟುಹಾಕುತ್ತಾರೆ. ಹಾಗಿದ್ದೂ ವರ್ಷಗಳ ಮೇಲೆ ಕೋಣೆಯ ಬಾಗಿಲಲ್ಲಿ ಆ ಹೆಜ್ಜೆಯ ಸಪ್ಪಳ ಕೇಳಿದಂತಾಗಿ ಲಾರಾ ಬೆಚ್ಚುತ್ತಾಳೆ. ಲೇಖಕನಿಗೆ ಆ ಪ್ರೇಮದ ಸೆಳೆತ ಚೆನ್ನಾಗಿ ಗೊತ್ತು. ಆದರೆ ಅದನ್ನು ಹೇಳಬೇಕಾದರೆ ಪ್ರೀತಿಸುವವಳಿಗೆ ಕೋರೆಹಲ್ಲು ಬರಬೇಕು; ಮುಗಿಸಬೇಕಾದರೆ ಗೂಟ ಬೇಕು.

ಇನ್ನು 1928ನೆಯ ಇಸವಿಗೆ ಬರೋಣ. ಆ ವರ್ಷ ಲಂಡನ್ನಿನಲ್ಲಿ ಎರಡು ಪುಸ್ತಕಗಳು ಕೆಲವೇ ತಿಂಗಳ ಅಂತರದಲ್ಲಿ ಹೊರಬಂದವು. ಜುಲೈಯಲ್ಲಿ ಬಂದದ್ದು ರ್‍ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’. ಹೆಣ್ಣನ್ನು ಪ್ರೀತಿಸುವ ಹೆಣ್ಣೊಬ್ಬಳ ಬಾಳನ್ನು, ಇದ್ದದ್ದು ಇದ್ದಂತೆ, ಬಹಳ ಗಂಭೀರವಾಗಿ ಹೇಳಿದ ಕಾದಂಬರಿ. ಇಂದಿನ ಓದುಗರು ಅದರಲ್ಲಿ ಅಶ್ಲೀಲವನ್ನು ದೀಪ ಹಚ್ಚಿ ಹುಡುಕಬೇಕು. ಕತೆಯ ಕೊನೆಗೆ ನಾಯಕಿ ತನ್ನ ಪ್ರಿಯಳನ್ನು ಒಬ್ಬ ಗಂಡಸಿಗೆ ಬಿಟ್ಟುಕೊಟ್ಟು ಒಂಟಿಯಾಗುತ್ತಾಳೆ. ಅಷ್ಟು ದುಃಖಪಟ್ಟರೂ ಪುಸ್ತಕಕ್ಕೆ ಕ್ಷಮೆ ಸಿಕ್ಕಲಿಲ್ಲ. ನವೆಂಬರಿನಲ್ಲಿ ನ್ಯಾಯಾಧೀಶರು ಅದನ್ನು ನಾಶಮಾಡಲು ಆಜ್ಞೆ ಮಾಡಿದರು. ಇಂಗ್ಲೆಂಡಿನಲ್ಲಿ ಅದು ಮತ್ತೆ ಅಚ್ಚಾದದ್ದು 1949ರಲ್ಲಿ.

ಅದೇ ವರ್ಷದ ಅಕ್ಟೋಬರಿನಲ್ಲಿ, ಈ ಗದ್ದಲದ ನಡುವೆಯೇ, ವರ್ಜೀನಿಯಾ ವುಲ್ಫ್ ಅವರ ‘ಆರ್ಲ್ಯಾಂಡೊ’ ಬಂತು. ಎಲಿಜಬೆತ್ ರಾಣಿಯ ಕಾಲದ ಹುಡುಗನೊಬ್ಬ 300 ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತಾನೆ. ನಡುವೆ ತುರ್ಕಿಯಲ್ಲಿ ರಾಯಭಾರಿಯಾಗಿದ್ದಾಗ ಏಳು ದಿನ ಮಲಗಿ ಎದ್ದರೆ ಹೆಣ್ಣಾಗಿರುತ್ತಾನೆ! ಹೆಣ್ಣಾದ ಮೇಲೂ ಹೆಣ್ಣಿನ ಮೇಲಣ ಒಲವು ಹೋಗುವುದಿಲ್ಲ. ಪುಸ್ತಕವನ್ನು ಅರ್ಪಿಸಿದ್ದು ವೀಟಾ ಸ್ಯಾಕ್‌ವಿಲ್-ವೆಸ್ಟ್ ಎಂಬ ಲೇಖಕಿಗೆ, ವುಲ್ಫ್ ಅವರು ಪ್ರೀತಿಸಿದವರಿಗೆ. ಒಳಗಿನ ಕೆಲವು ಚಿತ್ರಗಳೂ ಆಕೆಯವೇ. ಹೆಣ್ಣಾಗಿ ಹುಟ್ಟಿದ್ದರಿಂದ ವೀಟಾ ಅವರಿಗೆ ಮನೆತನದ ನೋಲ್ ಅರಮನೆ ದಕ್ಕಲಿಲ್ಲ. 1928ರಲ್ಲಿ ತಂದೆ ತೀರಿಕೊಂಡಾಗ ಅದು ಚಿಕ್ಕಪ್ಪನಿಗೆ ಹೋಯಿತು. ಕಾದಂಬರಿಯಲ್ಲಿ ಮಾತ್ರ ಹೆಣ್ಣಾದ ಆರ್ಲ್ಯಾಂಡೊಗೆ ಮನೆ ಉಳಿಯುತ್ತದೆ. ನ್ಯಾಯಾಲಯ ಕೊಡದಿದ್ದುದನ್ನು ಕತೆ ಕೊಟ್ಟಿತು. ಇದರ ಮೇಲೆ ಯಾರೂ ಮೊಕದ್ದಮೆ ಹೂಡಲಿಲ್ಲ. ಮುನ್ನೂರು ವರ್ಷ ಬಾಳುವವರ ಮೇಲೆ ಯಾವ ಕಾನೂನು ಹೂಡಬೇಕು?

ಇಲ್ಲಿ ಒಂದು ಸ್ವಂತ ಮಾತು. 1970ರ ದಶಕದಲ್ಲಿ ನಾನು ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ‘ಆರ್ಲ್ಯಾಂಡೊ’ವನ್ನು ಗ್ರಂಥಾಲಯದಿಂದ ಮತ್ತೆ ಮತ್ತೆ ತರುತ್ತಿದ್ದಳು. ಪರೀಕ್ಷೆಗಿಲ್ಲದ ಪುಸ್ತಕವನ್ನು ಇಷ್ಟು ಸಲ ಓದುವುದೇಕೆ ಎಂದು ಕೇಳಿದೆ. “ಇದರಲ್ಲಿ ಯಾರೂ ಅವಳನ್ನು ಸಾಯಿಸುವುದಿಲ್ಲ ಕಣೆ” ಎಂದಳು. ತಮಾಷೆಯೆಂದುಕೊಂಡು ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಆ ವಿಚಾರವನ್ನು ಅವಳು ನನ್ನೊಡನೆ ಎಂದೂ ಎತ್ತಲಿಲ್ಲ.

ಹೆಂಗಸರೇ ಇರುವ ನಾಡಿನ ಕತೆ ನಮಗೆ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತದ ಸ್ತ್ರೀರಾಜ್ಯವನ್ನು, ಅದರ ಒಡತಿ ಪ್ರಮೀಳೆಯನ್ನು ಕನ್ನಡಿಗರು ಓದಿ ಬಲ್ಲರು, ಯಕ್ಷಗಾನದಲ್ಲಿ ಕಂಡೂ ಬಲ್ಲರು. ಯಜ್ಞದ ಕುದುರೆಯನ್ನು ಕಟ್ಟಿದ ಆ ವೀರಳು ಕೊನೆಗೆ ಅರ್ಜುನನ ಕೈಹಿಡಿಯುತ್ತಾಳೆ. ಗಂಡಸು ಕಾಲಿಟ್ಟೊಡನೆ ಆ ನಾಡಿನ ಕತೆ ಮುಗಿಯಿತು. 1972ರಲ್ಲಿ ಅಮೆರಿಕದ ಜೊಆನಾ ರಸ್ ‘ವೆನ್ ಇಟ್ ಚೇಂಜ್ಡ್’ ಎಂಬ ಸಣ್ಣ ಕತೆಯಲ್ಲಿ ಇಂಥದೇ ಒಂದು ಲೋಕವನ್ನು ಕಟ್ಟಿದರು. ವ್ಹೈಲ್‌ಅವೇ ಎಂಬ ಗ್ರಹ; ಪಿಡುಗೊಂದು ಬಂದು ಅಲ್ಲಿ ಗಂಡಸರೆಲ್ಲ ಅಳಿದು ಶತಮಾನಗಳಾಗಿವೆ. ಕತೆ ಹೇಳುವ ಜ್ಯಾನೆಟ್ಟಳಿಗೆ ಹೆಂಡತಿಯಿದ್ದಾಳೆ, ಮಕ್ಕಳಿದ್ದಾರೆ, ಹೊಲವಿದೆ, ಸಂಸಾರದ ಜಗಳವಿದೆ. ಆಗ ಭೂಮಿಯಿಂದ ನಾಲ್ವರು ಗಂಡಸರು ಬಂದಿಳಿಯುತ್ತಾರೆ. ನಿಮ್ಮ ಜನರೆಲ್ಲ ಎಲ್ಲಿ ಎಂದು ಕೇಳುತ್ತಾರೆ. ಕಣ್ಣೆದುರಿಗಿರುವ ಹೆಂಗಸರು ಅವರ ಲೆಕ್ಕಕ್ಕೆ ಜನರಲ್ಲ! ಯುದ್ಧವಿಲ್ಲ, ರಕ್ತವಿಲ್ಲ, ಆದರೂ ಮುಗಿಸುವ ಹೊತ್ತಿಗೆ ಎದೆ ಭಾರವಾಗುತ್ತದೆ. 1975ರ ಅವರ ಕಾದಂಬರಿ ‘ದಿ ಫೀಮೇಲ್ ಮ್ಯಾನ್’ನಲ್ಲಿ ಈ ಲೋಕ ಮತ್ತೆ ಬರುತ್ತದೆ.

ಇದಕ್ಕೆ ಸ್ವಲ್ಪ ಮುಂಚೆ, 1969ರಲ್ಲಿ, ಉರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಬಂದಿತ್ತು. ಹಿಮದ ಗ್ರಹವೊಂದರ ಜನ ತಿಂಗಳ ಬಹುಪಾಲು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ಎರಡರಲ್ಲೊಂದಾಗುತ್ತಾರೆ, ಪ್ರತಿಸಲವೂ ಅದೇ ಆಗಬೇಕೆಂದಿಲ್ಲ. ಒಬ್ಬರೇ ಒಮ್ಮೆ ತಾಯಿಯಾಗಬಹುದು, ಒಮ್ಮೆ ತಂದೆಯಾಗಬಹುದು. ಇವರನ್ನೆಲ್ಲ ಲೇಖಕಿ ಇಂಗ್ಲಿಷಿನಲ್ಲಿ ‘ಅವನು’ ಎಂದೇ ಕರೆದರು. ಅದಕ್ಕೆ ಬಂದ ಆಕ್ಷೇಪಣೆಗೆ ಮೊದಲು ಸಮಾಧಾನ ಹೇಳಿದರು. ಮುಂದೆ 1987ರಲ್ಲಿ ತಮ್ಮ ಹಳೆಯ ಪ್ರಬಂಧಕ್ಕೆ ತಾವೇ ಟಿಪ್ಪಣಿ ಬರೆದು ತಪ್ಪನ್ನು ಒಪ್ಪಿಕೊಂಡರು. ಆ ಜನರ ಕೂಟವನ್ನು ಗಂಡು ಹೆಣ್ಣಿನ ಕೂಟಕ್ಕೇ ಕಟ್ಟಿಹಾಕಿದ್ದೂ ಅನಾವಶ್ಯಕವಾಗಿತ್ತು ಎಂದರು. ಓದುತ್ತ ನನಗನ್ನಿಸಿತು: ಕನ್ನಡದವರಿಗೆ ಮೊದಲ ತೊಡಕು ಇಷ್ಟು ದೊಡ್ಡದಲ್ಲ. ನಮ್ಮಲ್ಲಿ ‘ಅವರು’ ಇದೆ. ಗೌರವ ಕೊಡುತ್ತದೆ, ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ. ಆದರೆ ಸಲುಗೆ ಬೆಳೆದ ಮೇಲೂ ‘ಅವರು’ ಎನ್ನುತ್ತಿದ್ದರೆ ದೂರವಾಗುತ್ತದೆ. ಪ್ರೀತಿಗೆ ಏಕವಚನ ಬೇಕು. ಏಕವಚನ ಬಂದೊಡನೆ ಗಂಡು ಹೆಣ್ಣು ಆರಿಸಬೇಕು. ಅನುವಾದ ಮಾಡುವವರು ಕೈಹಚ್ಚಿ ನೋಡಬೇಕಾದ ಗಂಟು ಇದು.

ಇವೆಲ್ಲ ಪಶ್ಚಿಮದವರ ಗೀಳು ಎನ್ನುವವರುಂಟು. ಅಂಥವರು ರಾಜಸ್ಥಾನದ ವಿಜಯದಾನ ದೇಥಾ ಅವರ ‘ದೋಹರೀ ಜೂನ್’ ಎಂಬ ಕತೆಯನ್ನು ಓದಬೇಕು. ದೇಥಾ ಅವರು ಬೋರುಂದಾ ಎಂಬ ಹಳ್ಳಿಯಲ್ಲಿ ಕುಳಿತು ಜನಪದ ಕತೆಗಳನ್ನು ಕೇಳಿ ತಮ್ಮ ರೀತಿಯಲ್ಲಿ ಹೊಸದಾಗಿ ಹೇಳಿದವರು, 2013ರಲ್ಲಿ ತೀರಿಕೊಂಡರು. ಇಬ್ಬರು ಜಿಪುಣ ಗೆಳೆಯರು ಹುಟ್ಟಲಿರುವ ಮಕ್ಕಳಿಗೆ ಮದುವೆ ಮಾತಾಡಿಬಿಡುತ್ತಾರೆ. ಹುಟ್ಟಿದ ಎರಡೂ ಹೆಣ್ಣು. ವರದಕ್ಷಿಣೆಯ ಆಸೆಗೆ ಒಬ್ಬ ತನ್ನ ಮಗಳನ್ನು ಗಂಡಾಗಿ ಬೆಳೆಸುತ್ತಾನೆ. ಮದುವೆಯಾದ ರಾತ್ರಿ ನಿಜ ತಿಳಿಯುತ್ತದೆ. ಆದರೆ ಬೀಜಾ ಮತ್ತು ತೀಜಾ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಊರು ಬಿಡುತ್ತಾರೆ; ಭೂತಗಳು ಅವರಿಗೆ ಆಶ್ರಯ ಕೊಡುತ್ತವೆ. ಭೂತದ ವರದಿಂದ ಒಬ್ಬಳು ನಿಜವಾಗಿಯೂ ಗಂಡಾಗುತ್ತಾಳೆ. ಆದೊಡನೆ ದರ್ಪ ತೋರಿಸುತ್ತಾಳೆ, ಪ್ರೀತಿ ಕೆಡುತ್ತದೆ. ಕೊನೆಗೆ ಆ ವರವನ್ನು ಹಿಂದಕ್ಕೆ ಕೊಟ್ಟು ಮತ್ತೆ ಹೆಣ್ಣಾಗಿ, ಇಬ್ಬರೂ ಕೂಡಿ ಬಾಳುತ್ತಾರೆ. ಮನುಷ್ಯರು ಕೊಡದ ಜಾಗವನ್ನು ಭೂತಗಳು ಕೊಟ್ಟವು.

ನನ್ನ ತಂಗಿಯ ಮಗಳ ಕೈಯಲ್ಲಿದ್ದದ್ದು ಸಮಾಂತಾ ಶ್ಯಾನನ್ ಅವರ 2019ರ ‘ದಿ ಪ್ರಯರಿ ಆಫ್ ದಿ ಆರೆಂಜ್ ಟ್ರೀ’. ರಾಣಿ ಸಬ್ರಾನಳಿಗೆ ಮಗಳು ಹುಟ್ಟದಿದ್ದರೆ ಮಹಾಸರ್ಪ ಎದ್ದುಬರುತ್ತದೆಂದು ನಾಡಿನ ನಂಬಿಕೆ. ಅವಳನ್ನು ಗುಟ್ಟಾಗಿ ಕಾಯಲು ಬಂದ ಈಡ್ ಅವಳನ್ನೇ ಒಲಿಯುತ್ತಾಳೆ. ಅಡ್ಡಿಗಳು ಬೇಕಾದಷ್ಟಿವೆ: ಅಂತಸ್ತು, ಮತ, ಸಿಂಹಾಸನ. ಹೆಣ್ಣು ಹೆಣ್ಣನ್ನು ಒಲಿಯುವುದು ಅಡ್ಡಿಗಳ ಪಟ್ಟಿಯಲ್ಲೇ ಇಲ್ಲ. ಆಮೇಲೆ ನಾನು ಓದಿದ್ದು ಭಾರತೀಯ ಮೂಲದ ಬ್ರಿಟಿಷ್ ಲೇಖಕಿ ತಾಶಾ ಸೂರಿ ಅವರ ‘ದಿ ಜ್ಯಾಸ್ಮಿನ್ ಥ್ರೋನ್’. ಅದು ಬಂದದ್ದು 2021ರಲ್ಲಿ. ಮರುವರ್ಷ ಅದಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. ಚಿತೆ ಏರಲು ಒಪ್ಪದ ರಾಜಕುಮಾರಿ ಮಾಲಿನಿ, ಅವಳ ಸೆರೆಮನೆಯಾದ ಪಾಳುಗುಡಿಗೆ ಬರುವ ಊಳಿಗದ ಹುಡುಗಿ ಪ್ರಿಯಾ. ಹೆಸರು, ಗುಡಿ, ಹೂವು ಎಲ್ಲ ನಮ್ಮ ಕಡೆಯ ವಾಸನೆ. ಓದುವಾಗ, ನೆಂಟರ ಮನೆಯ ಅಟ್ಟದಲ್ಲಿ ನನಗೆ ತೋರಿಸದೆ ಇಟ್ಟಿದ್ದ ಒಂದು ಪೆಟ್ಟಿಗೆಯನ್ನು ತೆರೆದಂತಾಯಿತು.

ಹಾಗಾದರೆ ಇವೆಲ್ಲ ಸುಖಾಂತವನ್ನು ಬೇಡುವ ಎಳೆಯರ ಓದೆ? ಹಾಗೆ ಬೇಡುವ ಪುಸ್ತಕಗಳೂ ಇವೆ. ಬೆಲ್ಲದ ಪಾಕದಂಥವು, ಎರಡು ಅಧ್ಯಾಯಕ್ಕೇ ಬಾಯಿ ಕಟ್ಟುತ್ತವೆ. ಆದರೆ ಸೆತ್ ಡಿಕಿನ್‌ಸನ್ ಅವರ 2015ರ ‘ದಿ ಟ್ರೇಟರ್ ಬರೂ ಕಾರ್ಮೊರಾಂಟ್’ ಕೂಡ ಇದೇ ಕಪಾಟಿನದು. ಸಾಮ್ರಾಜ್ಯವೊಂದು ದ್ವೀಪವನ್ನು ನುಂಗುತ್ತದೆ. ಆ ದ್ವೀಪದ ಹುಡುಗಿ ಲೆಕ್ಕಪತ್ರದ ಅಧಿಕಾರಿಯಾಗಿ ಅದೇ ಸಾಮ್ರಾಜ್ಯವನ್ನು ಒಳಗಿನಿಂದ ಉರುಳಿಸಲು ಹೊರಡುತ್ತಾಳೆ. ಆ ಸಾಮ್ರಾಜ್ಯದಲ್ಲಿ ಇಂಥ ಪ್ರೇಮ ಅಪರಾಧ. ಮುಕ್ತಾಯವನ್ನು ಹೇಳಿ ನಿಮ್ಮ ಓದನ್ನು ಕೆಡಿಸುವುದಿಲ್ಲ. ಸುಖಾಂತವಲ್ಲ ಎಂದಷ್ಟೇ ಹೇಳುತ್ತೇನೆ. ಆದರೆ ಅಲ್ಲಿಯ ದುಃಖ, ಆ ಹುಡುಗಿ ತಾನೇ ಆರಿಸಿಕೊಂಡ ದಾರಿಯಿಂದ ಬಂದದ್ದು. ಪ್ರೀತಿಸಿದ್ದಕ್ಕೆ ಲೇಖಕ ಹಾಕಿದ ದಂಡವಲ್ಲ. ದುಃಖ ಬೇರೆ, ದಂಡ ಬೇರೆ. ಕೊನೆಯ ಪುಟವನ್ನು ಮೊದಲು ನೋಡುವವರು ಸುಖವನ್ನು ಹುಡುಕುತ್ತಾರೆಂದು ನಾನು ತಿಳಿದಿದ್ದೆ. ಅವರು ಹುಡುಕುವುದು ಈ ವ್ಯತ್ಯಾಸವನ್ನು.

ನಮ್ಮ ದೇಶದಲ್ಲಿ 377ನೆಯ ಕಲಮಿನ ಹಿಡಿತದಿಂದ ಪ್ರಾಪ್ತವಯಸ್ಕರ ಒಪ್ಪಿಗೆಯ ಸಂಬಂಧವನ್ನು ಸುಪ್ರೀಂ ಕೋರ್ಟು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಅದು ಕೊಡಲಿಲ್ಲ. ಕಾನೂನಿನ ಮಾತು ಹಾಗಿರಲಿ. ಮನೆಯ ಮೇಜಿನ ಮೇಲೆ ಮಗಳೋ ಮೊಮ್ಮಗಳೋ ಇಂಥ ಪುಸ್ತಕವೊಂದನ್ನು ಇಟ್ಟುಹೋದರೆ, ಅದು ಮರೆವಿನಿಂದಲೇ ಆಗಿರಬೇಕೆಂದಿಲ್ಲ. ನಮ್ಮ ಮುಖ ಹೇಗಾಗುತ್ತದೆಂದು ಅವರು ಬಾಗಿಲ ಸಂದಿಯಿಂದ ನೋಡುತ್ತಿರಲೂಬಹುದು. ಐವತ್ತು ವರ್ಷದ ಹಿಂದೆ ನನ್ನನ್ನು ಹಾಗೆ ನೋಡಿದವಳೊಬ್ಬಳಿದ್ದಳು, ನಾನು ನಕ್ಕುಬಿಟ್ಟೆ.

ರಜೆ ಮುಗಿಸಿ ಹೊರಟಾಗ ನನ್ನ ತಂಗಿಯ ಮಗಳು ಆ ದಪ್ಪ ಪುಸ್ತಕವನ್ನು ಇಲ್ಲೇ ಬಿಟ್ಟಳು.

“ಓದಿ ಮುಗಿಸಿದ ಮೇಲೆ ಫೋನ್ ಮಾಡಿ, ದೊಡ್ಡಮ್ಮ” ಎಂದಳು.

ಆ ಸಲ ನಾನು ನಗಲಿಲ್ಲ. ಮೊದಲ ಪುಟದಿಂದ ಓದಿದೆ. ಮುಗಿಸಿದ ರಾತ್ರಿಯೇ ಫೋನ್ ಮಾಡಿದೆ. ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಪುಸ್ತಕದ ವಿಚಾರ ಅದರಲ್ಲಿ ಅರ್ಧ ಮಾತ್ರ.