ಪೌತಿ ಖಾತೆ, ಹೆಣ್ಣುಮಕ್ಕಳ ಪಾಲು ಮತ್ತು ಉಯಿಲು

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರ ಸಭೆಗಳಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರದ ವಿಚಾರ ಹೇಳಬೇಕಾದವನು ಕಾನೂನಿನ ಮಾತನ್ನೇಕೆ ಎತ್ತಿದನೆಂದು ತಾವು ಕೇಳಬಹುದು. ನಾನು ಓದಿರುವುದು ಕೃಷಿ ಡಿಪ್ಲೊಮಾ, ವಕೀಲಿಯಲ್ಲ. ಆದರೆ ಬೆಳೆ ಸಾಲಕ್ಕಾಗಲಿ, ಬೆಳೆ ವಿಮೆಗಾಗಲಿ ಎಲ್ಲಿ ಹೋದರೂ ಮೊದಲು ಕೇಳುವುದು ಪಹಣಿಯನ್ನು. ಪಹಣಿ ತೆಗೆದು ನೋಡಿದರೆ ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಳ್ಳೆಯ ಗದ್ದೆಯಾದರೂ ಕಾಗದ ಸರಿಯಿಲ್ಲದಿದ್ದರೆ ಅದರ ಮೇಲೆ ಸಾಲ ಹುಟ್ಟುವುದಿಲ್ಲ.

ಇನ್ನೊಂದು ಕಾರಣವೂ ಉಂಟು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ವ್ಯವಸಾಯಗಾರರಲ್ಲದವರಿಗೂ ಜಮೀನು ಕೊಳ್ಳಲು ದಾರಿಯಾಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ನಡೆಯಿತು. ಭೂಮಿಗೆ ಬೆಲೆ ಬಂದಲ್ಲಿ ವ್ಯಾಜ್ಯವೂ ಬರುತ್ತದೆ. ಆದುದರಿಂದ ನಾಲ್ಕು ವಿಷಯಗಳನ್ನು ತಿಳಿಸುತ್ತೇನೆ.

ಮೊದಲನೆಯದು, ಪೌತಿ ಖಾತೆ. ಖಾತೆದಾರರು ತೀರಿಕೊಂಡರೆ, ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಮರಣ ಪತ್ರ, ವಂಶವೃಕ್ಷ ಸಹಿತ ನಾಡಕಚೇರಿಗೆ ಅರ್ಜಿ ಕೊಡಿ. ವರ್ಷಗಳೇ ಕಳೆದಿದ್ದರೂ ಕೈಬಿಡಬೇಡಿ. ತಡವಾದಷ್ಟೂ ವಾರಸುದಾರರು ಹೆಚ್ಚುತ್ತಾರೆ, ಕಾಗದ ಸಿಗುವುದು ಕಷ್ಟವಾಗುತ್ತದೆ. ಆದರೆ ಒಂದು ಮಾತು ನೆನಪಿರಲಿ: ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಅಣ್ಣನೊಬ್ಬನ ಹೆಸರಿಗೆ ಖಾತೆಯಾದರೆ ತಮ್ಮನ ಪಾಲಾಗಲಿ, ತಂಗಿಯ ಪಾಲಾಗಲಿ ಅಳಿಸಿಹೋಗುವುದಿಲ್ಲ.

ಎರಡನೆಯದು, ಹೆಣ್ಣುಮಕ್ಕಳ ಪಾಲು. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ರೂಢಿ ಕೆಲವೆಡೆ ಇದೆ. "ಮದುವೆಗೆ ಖರ್ಚು ಮಾಡಿದೆವು, ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತೇವೆ, ಇನ್ನೇತರ ಪಾಲು?" ಎನ್ನುತ್ತಾರೆ. ಬಾಗಿನ ಪ್ರೀತಿಯ ಮಾತು; ಪಾಲು ಹಕ್ಕಿನ ಮಾತು. ಒಂದಕ್ಕೆ ಇನ್ನೊಂದು ಬದಲಾಗದು.

ಈ ವಿಚಾರದಲ್ಲಿ ನಮ್ಮ ಸೀಮೆ ಹಿಂದುಳಿದದ್ದಲ್ಲ. ಮೈಸೂರು ಸಂಸ್ಥಾನವು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗಾಗಿ ಕಾಯಿದೆ ಮಾಡಿತ್ತು. 1994ರ ಜುಲೈ 30ರಿಂದ ಕರ್ನಾಟಕವು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಮದುವೆಯಾದವರು ಆಗದವರು ಎಂಬ ಭೇದವನ್ನೇ ತೆಗೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪಾರೀಕತ್ತಿನಿಂದಾಗಲಿ, ಕೋರ್ಟಿನ ಡಿಕ್ರಿಯಿಂದಾಗಲಿ ಆಗಿಹೋದ ವಿಭಾಗ ಮಾತ್ರ ಹಾಗೆಯೇ ನಿಲ್ಲುತ್ತದೆ. "ಬಾಯಿಮಾತಿನಲ್ಲಿ ಪಾಲಾಗಿತ್ತು" ಎಂದರೆ, ಸರ್ಕಾರಿ ದಾಖಲೆಗಳ ಬಲವಾದ ಆಧಾರವಿಲ್ಲದೆ ಕೋರ್ಟು ಒಪ್ಪುವುದಿಲ್ಲ.

ಸ್ವಯಾರ್ಜಿತಕ್ಕೆ ಒಂದು ಲೆಕ್ಕ ನೋಡಿ. ತಂದೆ ತಾನೇ ಸಂಪಾದಿಸಿದ್ದು 2 ಎಕರೆ 20 ಗುಂಟೆ. ಉಯಿಲು ಬರೆಯದೆ ತೀರಿಕೊಂಡ. ಅವನ ತಾಯಿ ಇಲ್ಲ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಒಟ್ಟು 100 ಗುಂಟೆ. ನಾಲ್ವರಿಗೂ ತಲಾ 25 ಗುಂಟೆ. ತಾಯಿ ಬದುಕಿದ್ದರೆ ಆಕೆಗೂ ಸಮಪಾಲು. ಇದು ಹಿಂದೂ ವಾರಸು ಕಾಯಿದೆಯ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮ ಬೇರೆ.

ಅಕ್ಕತಂಗಿಯರು ಮನಸಾರೆ ಪಾಲು ಬಿಟ್ಟುಕೊಡುವುದಾದರೆ ಅಡ್ಡಿಯಿಲ್ಲ. ಆದರೆ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಬೇಕು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೂ ಕೂಡದು, ಒತ್ತುವುದೂ ಕೂಡದು. ಪಾಲುಗಾರರನ್ನು ಬಿಟ್ಟು ಜಮೀನು ಮಾರಿದರೆ, ಮಾರಿದವನ ಜೊತೆಗೆ ಕೊಂಡವನೂ ಕೋರ್ಟು ಹತ್ತಬೇಕಾಗುತ್ತದೆ.

ಮೂರನೆಯದು, ಉಯಿಲು. ಸ್ವಯಾರ್ಜಿತವನ್ನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ಉಯಿಲಿನಲ್ಲಿ ಬರೆಯಬಹುದು. ಮಕ್ಕಳ ಪಾಲನ್ನು ಬರೆಯಲಾಗದು. ಇಬ್ಬರು ಸಾಕ್ಷಿಗಳು ಬರೆದವರ ಎದುರಿನಲ್ಲಿ ರುಜು ಮಾಡಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ, ಸಂಶಯಕ್ಕೆ ಎಡೆಯಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಉಯಿಲು ನಿಜವಾದದ್ದೆಂದು ಕೋರ್ಟು ಕೊಡುವ ದೃಢೀಕರಣಕ್ಕೆ ಪ್ರೊಬೇಟ್ ಎನ್ನುತ್ತಾರೆ. ಮುಂಬಯಿ, ಮದರಾಸು ಮೊದಲಾದ ಕಡೆ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಾಗಿತ್ತು. 2025ರ ಕೊನೆಯಲ್ಲಿ ಸಂಸತ್ತು ಆ ಕಟ್ಟಳೆಯನ್ನು ತೆಗೆದುಹಾಕಿತು. ನಮ್ಮ ಜಿಲ್ಲೆಯ ಹಿಂದೂ ಕುಟುಂಬಗಳಿಗೆ ಅದು ಮೊದಲಿನಿಂದಲೂ ಕಡ್ಡಾಯವಿರಲಿಲ್ಲ. ಪ್ರೊಬೇಟ್ ಆಗಲೇಬೇಕೆಂದು ಯಾರಾದರೂ ಹಣ ಕೇಳಿದರೆ ಮೊದಲು ವಿಚಾರಿಸಿ.

ನಾಲ್ಕನೆಯದು, ಅಪರಾಧದ ಕಾನೂನು. 2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸುಳ್ಳು ಉಯಿಲು ಸೃಷ್ಟಿಸಿದವರಿಗೆ ಅದರ 338ನೆಯ ಕಲಮಿನಂತೆ ಹತ್ತು ವರ್ಷಗಳವರೆಗೆ ಸಜೆ ಮತ್ತು ದಂಡ. ಜೀವಾವಧಿ ಶಿಕ್ಷೆಯೂ ಆಗಬಹುದು. ಮಳವಳ್ಳಿಯಲ್ಲಿ ನಡೆದ ಕೃತ್ಯಕ್ಕೆ ಮಂಡ್ಯದ ಠಾಣೆಯಲ್ಲೂ ದೂರು ಕೊಡಬಹುದು. ನಮ್ಮ ಸರಹದ್ದಲ್ಲವೆಂದು ತಿರುಗಿಸಿ ಕಳಿಸುವಂತಿಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ರುಜು ಹಾಕಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟು ಶುಲ್ಕ ವಾಪಸು ಬರುತ್ತದೆ. ಆ ತೀರ್ಪಿನ ಮೇಲೆ ಅಪೀಲು ಇಲ್ಲ.

ಮಹನೀಯರೆ, ನಾಟಿ ಮುಗಿದು ಬಿಡುವಾದಾಗ ಮನೆಯವರೆಲ್ಲ ಕೂತು ಪಹಣಿಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಹೆಣ್ಣುಮಕ್ಕಳನ್ನೂ ಕರೆಯಿರಿ. ಯಾರ ಹೆಸರಿದೆ, ಯಾರದು ಬಿಟ್ಟಿದೆ ನೋಡಿ, ಹಿರಿಯರು ಇರುವಾಗಲೇ ತೀರ್ಮಾನ ಮಾಡಿಕೊಳ್ಳಿ. ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲಲ್ಲಿ ಮುಖ ತಿರುಗಿಸಿ ನಿಲ್ಲುವಂತಾಗದಿರಲಿ.