ಖಜಾನೆಯ ಬೀಗದ ಕೈ: ಲಿಬಿಯಾ ಮತ್ತು ಪಶ್ಚಿಮ ಆಫ್ರಿಕ



ಲಿಬಿಯಾದ ಮೇಲೆ 2011ರಲ್ಲಿ ನಡೆದ ನ್ಯಾಟೋ ದಾಳಿಯ ಮಾತು ಬಂದಾಗಲೆಲ್ಲ ಒಂದು ಕಥೆ ತಪ್ಪದೆ ಕೇಳಿಬರುತ್ತದೆ: ಗಡಾಫಿ ಚಿನ್ನದ ದಿನಾರ್ ತರಲು ಹೊರಟಿದ್ದನು, ಅದಕ್ಕಾಗಿಯೇ ಅವನನ್ನು ಮುಗಿಸಲಾಯಿತು. ಇದಕ್ಕೆ ಮುಖ್ಯ ಆಧಾರವಾಗಿ ತೋರಿಸುವುದು ಅಂದಿನ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅವರಿಗೆ ಸಿಡ್ನಿ ಬ್ಲೂಮೆಂಥಾಲ್ ಕಳುಹಿಸಿದ ಒಂದು ಇಮೇಲನ್ನು. ಅದರಲ್ಲಿರುವುದು ಪರರಿಂದ ಕೇಳಿದ ಸುದ್ದಿ, ವೋಚರಿಲ್ಲದ ನಮೂದು. ಅದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು. ಒಪ್ಪಬೇಕಾದ ದಾಖಲೆಗಳು ಬೇರೆಯೇ ಇವೆ.

ಮೊದಲು ಫ್ರಾನ್ಸಿನ ಹಳೆಯ ವಸಾಹತುಗಳನ್ನು ನೋಡಬೇಕು. ಸಿಎಫ್‌ಎ ಫ್ರಾಂಕ್ ಹುಟ್ಟಿದ್ದು 1945ರ ಡಿಸೆಂಬರ್ 26ರಂದು. 1960ರ ಸುಮಾರಿಗೆ ಧ್ವಜಗಳು ಬದಲಾದವು, ನಾಣ್ಯ ಉಳಿಯಿತು. ಇಂದಿಗೂ 14 ದೇಶಗಳು ಅದನ್ನು ಬಳಸುತ್ತವೆ. ವಿನಿಮಯ ದರದ ಭರವಸೆಗೆ ಪ್ರತಿಯಾಗಿ ಅಲ್ಲಿನ ಕೇಂದ್ರ ಬ್ಯಾಂಕುಗಳು ತಮ್ಮ ವಿದೇಶಿ ವಿನಿಮಯ ಸಂಗ್ರಹವನ್ನು ಪ್ಯಾರಿಸ್ಸಿನ ಖಜಾನೆಯ ಖಾತೆಯಲ್ಲಿ ಇಡಬೇಕಾಗಿತ್ತು: ಆರಂಭದಲ್ಲಿ ಪೂರ್ತಿಯಾಗಿ, 1973ರಿಂದ ಶೇಕಡಾ 65ರಷ್ಟು, 2005ರಿಂದ ಶೇಕಡಾ 50ರಷ್ಟು. ಇದನ್ನು ಬರಿಯ ಕೊಳ್ಳೆಯೆಂದು ಕರೆಯುವುದು ನ್ಯಾಯವಲ್ಲ. ಠೇವಣಿಗೆ ಬಡ್ಡಿ ಸಲ್ಲುತ್ತಿತ್ತು. ನೆರೆಯ ಘಾನಾ, ನೈಜೀರಿಯಾಗಳಿಗಿಂತ ಹಣದುಬ್ಬರವೂ ಕಡಿಮೆಯಿತ್ತು. ಸಂಪತ್ತನ್ನು ಹೊರದೇಶದಲ್ಲಿಡುವುದೇ ತಪ್ಪೆನ್ನುವಂತಿಲ್ಲ. 1991ರಲ್ಲಿ ಭಾರತವೂ ಸುಮಾರು 47 ಟನ್ ಚಿನ್ನವನ್ನು ಹೊರಗೆ ಕಳುಹಿಸಿ ಒತ್ತೆಯಿಟ್ಟಿತು. ಇಕ್ಕಟ್ಟು ಎಷ್ಟೇ ಇದ್ದರೂ ಸಹಿ ದೆಹಲಿಯದಾಗಿತ್ತು, ರೂಪಾಯಿಯ ಬೆಲೆ ಇಳಿಸಿದ್ದೂ ದೆಹಲಿಯೇ. 1994ರ ಜನವರಿಯಲ್ಲಿ ಸಿಎಫ್‌ಎ ಫ್ರಾಂಕಿನ ಬೆಲೆ ಒಮ್ಮೆಗೇ ಅರ್ಧಕ್ಕಿಳಿಯಿತು. ಡಾಕರ್ ಸಭೆಯಲ್ಲಿ ಒಪ್ಪಿಗೆ ಕೊಟ್ಟವರು ಆಫ್ರಿಕದ ನಾಯಕರು. ಒತ್ತಡ ಬಂದದ್ದು ಪ್ಯಾರಿಸ್ ಮತ್ತು ಐಎಂಎಫ್‌ನಿಂದ. ಆಮದಾಗುತ್ತಿದ್ದ ಅಕ್ಕಿ, ಔಷಧಗಳ ಬೆಲೆಯೇರಿಕೆಯನ್ನು ಹೊತ್ತವರು ಜನಸಾಮಾನ್ಯರು.

ಈ ಏರ್ಪಾಡನ್ನು ಬಿಡಹೊರಟವರ ಗತಿಯೇನಾಯಿತು? ಗಿನಿ ದೇಶ 1958ರ ಜನಮತಗಣನೆಯಲ್ಲಿ ಫ್ರಾನ್ಸನ್ನು ನಿರಾಕರಿಸಿತು. 1960ರಲ್ಲಿ ಸ್ವಂತ ನೋಟು ತಂದಾಗ ಫ್ರೆಂಚ್ ಗುಪ್ತಚರರು ಅಲ್ಲಿಗೆ ಖೋಟಾ ನೋಟುಗಳನ್ನು ಸುರಿದರು. ಆ ಸಂಸ್ಥೆಯ ಅಧಿಕಾರಿಯಾಗಿದ್ದ ಮೋರಿಸ್ ರೋಬೆರ್ ಅವರೇ ಮುಂದೆ ಇದನ್ನು ಒಪ್ಪಿಕೊಂಡರು. ಟೋಗೋದ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಸ್ವಂತ ನಾಣ್ಯದ ಸಿದ್ಧತೆಯಲ್ಲಿದ್ದಾಗಲೇ 1963ರ ಜನವರಿ 13ರಂದು ಹತರಾದರು. ದಂಗೆಯೆದ್ದವರು ಫ್ರೆಂಚ್ ಸೇನೆಯಿಂದ ಮರಳಿದ್ದ ಟೋಗೋದ ಸೈನಿಕರು. ತಮ್ಮನ್ನು ದೇಶದ ಸೇನೆಗೆ ಸೇರಿಸಿಕೊಳ್ಳಲಿಲ್ಲವೆಂಬುದು ಅವರ ಸಿಟ್ಟು. ನಾಣ್ಯಕ್ಕೂ ಕೊಲೆಗೂ ನೇರ ಸಂಬಂಧ ಸಿದ್ಧವಾಗಿಲ್ಲ. ಟೋಗೋದ ನಾಣ್ಯವಂತೂ ಬರಲೇ ಇಲ್ಲ.

ಇನ್ನು ಲಿಬಿಯಾ. ಗಡಾಫಿ 42 ವರ್ಷ ಆಳಿದ ಸರ್ವಾಧಿಕಾರಿ; ಅವನ ಪರವಾದ ವಕಾಲತ್ತು ಇಲ್ಲಿ ಅನಗತ್ಯ. 2011ರ ಮಾರ್ಚ್ 17ರಂದು ನಾಗರಿಕರ ರಕ್ಷಣೆಗೆಂದು ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಅನುಮತಿ ನೀಡಿತು. ಭಾರತವೂ ಸೇರಿದಂತೆ ಐದು ದೇಶಗಳು ಮತ ಹಾಕದೆ ದೂರ ಉಳಿದವು. ಗಡಾಫಿ ಬೆಂಗಾಜಿಯಲ್ಲಿ ಜನರ ಕಗ್ಗೊಲೆ ಮಾಡಿಸುತ್ತಿದ್ದನೆಂಬುದಕ್ಕೆ ಸಾಕಷ್ಟು ಆಧಾರವಿರಲಿಲ್ಲವೆಂದು 2016ರಲ್ಲಿ ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿಯೇ ಬರೆಯಿತು.

ಅಷ್ಟರಲ್ಲಿ ಲಿಬಿಯಾದ ಶಸ್ತ್ರಾಗಾರಗಳು ಲೂಟಿಯಾಗಿದ್ದವು. ಗಡಾಫಿಯ ಸೇನೆಯಲ್ಲಿದ್ದ ತುವಾರೆಗ್ ಯೋಧರು ಆಯುಧಸಮೇತ ಮಾಲಿಗೆ ಮರಳಿದರು. 2012ರ ಆರಂಭದಲ್ಲಿ ಅಲ್ಲಿ ಬಂಡಾಯ, ಮರುವರ್ಷದ ಜನವರಿಯಲ್ಲಿ ಮಾಲಿ ಸರಕಾರದ ಕೋರಿಕೆಯ ಮೇರೆಗೆ ಫ್ರೆಂಚ್ ಸೇನೆ. ಸ್ವಂತ ಸಂಗ್ರಹದ ಅರ್ಧವನ್ನು ಪ್ಯಾರಿಸ್ಸಿನಲ್ಲಿಡುತ್ತಿದ್ದ ವಲಯ ಈಗ ರಕ್ಷಣೆಗೂ ಪ್ಯಾರಿಸ್ಸನ್ನೇ ಅವಲಂಬಿಸಿತು. ಠೇವಣಿಯ ಕಡ್ಡಾಯವನ್ನು ಪಶ್ಚಿಮ ಆಫ್ರಿಕದ ಎಂಟು ದೇಶಗಳಿಗೆ ತೆಗೆದುಹಾಕುವ ಘೋಷಣೆ ಹೊರಬಿದ್ದದ್ದು 2019ರಲ್ಲಿ. ಯೂರೋದೊಂದಿಗಿನ ಗಂಟು ಹಾಗೆಯೇ ಇದೆ. ಫ್ರೆಂಚ್ ಸೈನಿಕರು 2022ರಲ್ಲಿ ಮಾಲಿಯನ್ನೂ 2023ರಲ್ಲಿ ನೈಜರನ್ನೂ ತೊರೆದರು. ಸೇನಾಡಳಿತಗಳು ರಷ್ಯನ್ನರನ್ನು ಕರೆಸಿಕೊಂಡವು. ಅದನ್ನು ಸ್ವಾವಲಂಬನೆಯೆಂದು ಹೊಗಳುವವರು ಸ್ವಲ್ಪ ತಾಳಬೇಕು.

ಲಿಬಿಯಾದ ಉಳಿತಾಯದ ಕಥೆ ಇನ್ನೂ ವಿಚಿತ್ರ. ಅಲ್ಲಿನ ಹೂಡಿಕೆ ಪ್ರಾಧಿಕಾರದ ಬಳಿ ಸುಮಾರು 6,700 ಕೋಟಿ ಡಾಲರ್ ಆಸ್ತಿಯಿತ್ತು, ಬಹುಪಾಲು ಹೊರದೇಶಗಳಲ್ಲಿ. 2011ರಲ್ಲಿ ಅದನ್ನು ಸ್ತಂಭನಗೊಳಿಸಿದಾಗ, ಮುಂದೆ ಲಿಬಿಯಾದ ಜನರಿಗೇ ಸಲ್ಲಬೇಕೆಂದು ಬರೆಯಲಾಗಿತ್ತು. ದೇಶದಲ್ಲಿ ಎರಡೆರಡು ಸರಕಾರಗಳಾದುದರಿಂದ ಬೀಗ ತೆರೆಯಲಿಲ್ಲ. ಬೆಲ್ಜಿಯಂನಲ್ಲಿ ಅಸಲು ಕದಲದಿದ್ದರೂ ಅದರ ಬಡ್ಡಿ ಮತ್ತು ಲಾಭಾಂಶ ವರ್ಷಗಟ್ಟಲೆ ಹೊರಹರಿಯಿತು; ಅದು ನಿರ್ಬಂಧಕ್ಕೆ ವಿರುದ್ಧವೆಂದು ವಿಶ್ವಸಂಸ್ಥೆಯ ತಜ್ಞರ ತಂಡ 2018ರಲ್ಲಿ ಹೇಳಿತು. ಕೊಳೆಯುತ್ತಿದ್ದ ನಗದನ್ನು ಮರುಹೂಡಿಕೆ ಮಾಡಲು ಪ್ರಾಧಿಕಾರಕ್ಕೆ ಭದ್ರತಾ ಮಂಡಳಿಯ ಅನುಮತಿ ದೊರೆತದ್ದು 2025ರ ಜನವರಿಯಲ್ಲಿ. ಹಾಗೆ ಹೂಡಿದ ಹಣವೂ ಅದರ ಗಳಿಕೆಯೂ ಸ್ತಂಭನದಲ್ಲಿಯೇ ಇರಬೇಕೆಂಬುದು ಷರತ್ತು.